ಗೇರುಹಣ್ಣು ಕುಡಿದು ಗುಡ್ಡ ಹತ್ತಿದ ಬಸ್ಸು

ಕಳೆದ ಬೇಸಗೆಯಲ್ಲಿ ಒಂದು ಮದುವೆಗೆಂದು ಬೈಂದೂರಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಚಪ್ಪರದ ಹಿಂದೆ ಹೋದರೆ, ಬೇಲಿಯಾಚೆ ಯಾರೋ ಬೀಜ ತಿರುಪಿಕೊಂಡು ಎಸೆದ ಗೇರುಹಣ್ಣಿನ ರಾಶಿ. ಬಿಸಿಲಿಗೆ ಹುಳಿತು, ನೊಣ ಮುತ್ತಿ, ಮೂಗಿಗೆ ಗಪ್ಪೆಂದು ಹೊಡೆಯುತ್ತಿತ್ತು. ಜೊತೆಗಿದ್ದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಅತ್ತ ಸರಿದರು. ನಾನು ಅಲ್ಲೇ ನಿಂತು ಎದೆ ತುಂಬ ಉಸಿರು ಎಳೆದುಕೊಂಡೆ. ಸೊಸೆ ಓಡಿ ಬಂದು, "ಅತ್ತೆ, ಎಂತ ಆಯ್ತ್? ತಲೆ ತಿರ್ಗತ್ತಾ?" ಎಂದು ಕೈ ಹಿಡಿದಳು. ತಲೆ ನೆಟ್ಟಗೇ ಇತ್ತು. ಆ ವಾಸನೆ ಬಂದಾಗಲೆಲ್ಲ ನನಗೆ ಸೂರಪ್ಪನ ನೆನಪಾಗುತ್ತದೆ, ಹೊಟ್ಟೆ ತಣ್ಣಗಾಗುತ್ತದೆ. ವಯಸ್ಸಾದ ಮೇಲೆ ಹಗೆಯನ್ನೆಲ್ಲ ಬಿಟ್ಟುಬಿಡಬೇಕು ಎಂದು ಹೇಳುವವರು ಬಹಳ ಜನ ಇದ್ದಾರೆ. ಬಿಡುವವರು ಬಿಡಲಿ, ನಾನು ಬೇಡವೆನ್ನುವುದಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಯುದ್ಧ ನಡೆಯುತ್ತಿದ್ದುದು ಎಲ್ಲೋ, ಅದರ ಬಿಸಿ ತಾಗುತ್ತಿದ್ದುದು ನಮ್ಮ ಒಲೆಗೆ. ಅಕ್ಕಿಗೆ ರೇಶನ್, ಸೀಮೆಎಣ್ಣೆಗೆ ರೇಶನ್, ಪೆಟ್ರೋಲಿಗೆ ಕೂಪನ್. ಹೊಳೆಗಳಿಗೆ ಆಗ ಸೇತುವೆಗಳಿರಲಿಲ್ಲ. ಕುಂದಾಪುರದಲ್ಲಿ ಬಸ್ಸು ಇಳಿದು, ದೋಣಿ ಹತ್ತಿ, ಹೊಳೆ ದಾಟಿ, ಆಚೆ ದಡದಲ್ಲಿ ಬೈಂದೂರಿನ ಬಸ್ಸು ಹಿಡಿಯಬೇಕಿತ್ತು. ಬೈಂದೂರಿನಿಂದ ಶಿರೂರಿಗೆ ಓಡುತ್ತಿದ್ದದ್ದು ನಮ್ಮ ಅಪ್ಪಯ್ಯನ ಬಸ್ಸು. ಶಿರೂರು ದಾಟಿದರೆ ಮುಂಬಯಿ ಸರಕಾರದ ಸೀಮೆ. ನಡುವೆ ಇರುವುದು ಒತ್ತಿನೆಣೆ ಗುಡ್ಡ. ಆ ಗುಡ್ಡದ ಬುಡದಲ್ಲೇ, ರಸ್ತೆಗೆ ಅಂಟಿಕೊಂಡು, ನಮ್ಮ ಮನೆ.

ಪೆಟ್ರೋಲು ಸಿಗದ ಮೇಲೆ ಎಲ್ಲ ಬಸ್ಸುಗಳ ಬೆನ್ನಿಗೂ ಒಂದೊಂದು ಕಬ್ಬಿಣದ ಒಲೆ ಬಂತು. ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸನ್ನು ಇಂಜಿನ್ನಿಗೆ ಕೊಡುತ್ತಿದ್ದರು. ಸಮತಟ್ಟು ರಸ್ತೆಯಲ್ಲಿ ಗ್ಯಾಸ್ ಬಸ್ಸು ಕೆಮ್ಮುತ್ತ, ಉಗುಳುತ್ತ ಹೇಗೋ ಓಡುತ್ತದೆ. ಏರು ಬಂದರೆ ಅದಕ್ಕೆ ಜೀವ ಇಲ್ಲ. ಅದಕ್ಕೇ ಬಸ್ಸಿನಲ್ಲಿ ಒಂದು ಸಣ್ಣ ಟ್ಯಾಂಕಿ ಇಟ್ಟು, ಕೂಪನ್ನಿಗೆ ಸಿಕ್ಕಿದ ಚೂರುಪಾರು ಪೆಟ್ರೋಲನ್ನು ಅದರಲ್ಲಿ ತುಂಬಿಸಿ, ಗುಡ್ಡದ ಬುಡಕ್ಕೆ ಬಂದಾಗ ಡ್ರೈವರ್ ನಳ್ಳಿ ತಿರುಗಿಸಿ ಅದನ್ನು ಬಿಡುತ್ತಿದ್ದ. ಪೆಟ್ರೋಲು ಇಲ್ಲದ ದಿನ ಜನ ಇಳಿದು ನಡೆಯುತ್ತಿದ್ದರು, ಗಟ್ಟಿಮುಟ್ಟಾದವರು ಬಸ್ಸು ದೂಡುತ್ತಿದ್ದರು.

ಬೈಂದೂರಿನ ಪೆಟ್ರೋಲ್ ಡಿಪೊ ಇದ್ದದ್ದು ಸೂರಪ್ಪನ ಕೈಯಲ್ಲಿ. ಸುತ್ತಲಿನ ಊರುಗಳ ಸಾರಾಯಿ ಗುತ್ತಿಗೆಯೂ ಅವನದೇ. ಬೈಂದೂರಿನಿಂದ ದಕ್ಷಿಣಕ್ಕೆ, ಹೊಳೆದಡದ ತನಕ ಓಡುವ ಎರಡು ಬಸ್ಸು ಬೇರೆ. ಸಾಲದ್ದಕ್ಕೆ ನಮ್ಮ ಶಿರೂರು ಲೈನಿನ ಮೇಲೆ ಕಣ್ಣು. ಅವನ ಅಂಗಡಿಯಿಂದ ನೀರು ತಾಗದ ಒಂದು ಕುಪ್ಪಿಯೂ ಹೊರಗೆ ಬಂದದ್ದಿಲ್ಲ ಎಂದು ಕುಡುಕರೇ ಹೇಳುತ್ತಿದ್ದರು. ಪೀಪಾಯಿ ಕಂಡ ಕೂಡಲೇ ಅವನ ಕೈ ಚೆಂಬು ಹುಡುಕುತ್ತಿತ್ತು. ಪೆಟ್ರೋಲಿಗೆ ನೀರು ಹಾಕಿದರೆ ಕೆಳಗೆ ನಿಂತು ಗುಟ್ಟು ರಟ್ಟಾಗುತ್ತದೆ, ಅದಕ್ಕೆ ಸೀಮೆಎಣ್ಣೆ ಹಾಕುತ್ತಿದ್ದ. ರೇಶನ್ನಿನ ಸೀಮೆಎಣ್ಣೆ ಅವನಿಗೆ ಎಲ್ಲಿಂದ ಬರುತ್ತಿತ್ತೋ, ಯಾರೂ ಕೇಳಲಿಲ್ಲ.

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಒಂದು ದಿನ ನಮ್ಮ ಬಸ್ಸು ಅಂಥ ಪೆಟ್ರೋಲು ಕುಡಿದು ಗುಡ್ಡ ಹತ್ತುತ್ತಿತ್ತು. ಡ್ರೈವರ್ ಪಾಸ್ಕಲ್, ಗಂಗೊಳ್ಳಿ ಕಡೆಯ ಕೊಂಕಣಿಯವ, ಅಪ್ಪಯ್ಯನ ಬಲಗೈ ಇದ್ದ ಹಾಗೆ. ಟಿಕೆಟು ಕೊಡುವುದು, ಏರಿನಲ್ಲಿ ಬಸ್ಸು ನಿಂತರೆ ಹಾರಿ ಇಳಿದು ಚಕ್ರದ ಹಿಂದೆ ಮರದ ತುಂಡು ಕೊಡುವುದು ಅಪ್ಪಯ್ಯನ ಕೆಲಸ. ಎರಡನೇ ತಿರುವಿನಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಬಸ್ಸು ಹಿಂದೆ ಜಾರಿತು. ಅಪ್ಪಯ್ಯ ಮರದ ತುಂಡು ಹಿಡಿದು ಹಾರಿದರು, ಜಲ್ಲಿಯ ಮೇಲೆ ಕಾಲು ಜಾರಿತು, ತುಂಡಿನ ಬದಲು ಅವರ ಕಾಲೇ ಚಕ್ರದ ಅಡಿಗೆ ಹೋಯಿತು. ಗಾಡಿಯಲ್ಲಿ, ದೋಣಿಯಲ್ಲಿ, ಕುಂದಾಪುರದ ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ ಕಾಲು ಉಳಿಯುವ ಹಾಗಿರಲಿಲ್ಲ. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಪಾಸ್ಕಲಣ್ಣ ಆ ದಿನದ ಟ್ಯಾಂಕಿಯ ತಳದಲ್ಲಿ ಉಳಿದದ್ದನ್ನು ಒಂದು ಬಟ್ಟೆಗೆ ಅದ್ದಿ ತಂದಿದ್ದ. ಆಸ್ಪತ್ರೆಯ ಹಿತ್ತಿಲಿನಲ್ಲಿ ಅದಕ್ಕೆ ಕಡ್ಡಿ ಗೀರಿದೆವು. ಕಪ್ಪು ಹೊಗೆ ಎದ್ದಿತು, ಚಿಮಿಣಿ ದೀಪದ ನಾತ ಬಂತು. ಪೆಟ್ರೋಲಿಗೆ ಸೂರಪ್ಪನ ಸೀಮೆಎಣ್ಣೆ ಸೇರಿದ್ದು ಎಲ್ಲರಿಗೂ ಗೊತ್ತಾಯಿತು. ಮಾರನೆಯ ವಾರವೇ ಸೂರಪ್ಪ ಒಂದು ಬಾಳೆಗೊನೆ ಹೊರಿಸಿಕೊಂಡು ನೋಡಲು ಬಂದ. ಮಂಚದ ಮೇಲೆ ಕುಳಿತ. ಅಪ್ಪಯ್ಯನ ಇಲ್ಲದ ಕಾಲಿನ ಜಾಗದಲ್ಲೇ ಕುಳಿತ.

"ಇನ್ ನಿಮ್ಗ್ ಎಂತಕೆ ಮಾರಾಯ್ರೆ ಈ ಬಸ್ಸಿನ ರಗಳೆ? ಲೈನ್ ನಂಗ್ ಬಿಟ್ ಕೊಡಿ. ಮನೆಯಗೆ ಆರಾಮ್ ಕೂಕಣಿ" ಎಂದ.

ಅಪ್ಪಯ್ಯ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಆ ಬಾಳೆಗೊನೆಯನ್ನು ಎತ್ತಿ, ಅವನ ಕಣ್ಣೆದುರೇ ಕಿಟಕಿಯಿಂದ ಹೊರಗೆ ಒಗೆದೆ. ಅವನು ನಕ್ಕ. "ಹೆಣ್ಣಿಗೆ ಸೊಕ್ಕ್ ಜಾಸ್ತಿ" ಎಂದು ಹೇಳಿ ಹೋದ. ಆ ನಗುವನ್ನು ನಾನು ಮರೆಯಲಿಲ್ಲ. ನನಗೆ ಆಗ ಮದುವೆಯ ವಯಸ್ಸು. ಮದುವೆಯ ಮಾತು ಯಾರಿಗೆ ಬೇಕಿತ್ತು? ಇವನ ಮೀಸೆ ಮಣ್ಣು ಮಾಡದೆ ಸಾಯುವುದಿಲ್ಲ ಎಂದು ಆ ಆಸ್ಪತ್ರೆಯಲ್ಲೇ ನಿಶ್ಚಯ ಮಾಡಿದೆ.

ಅದೇ ಹೊತ್ತಿಗೆ ಮಂಗಳೂರಿನ ಮೋಟಾರು ಇನ್‌ಸ್ಪೆಕ್ಟರಿಂದ ಸುದ್ದಿ ಬಂತು. ಶಿರೂರು ಲೈನಿಗೆ ಸೂರಪ್ಪ ಅರ್ಜಿ ಹಾಕಿದ್ದಾನೆ. ಮಳೆ ಹಿಡಿಯುವ ಮೊದಲು ಇನ್‌ಸ್ಪೆಕ್ಟರ್ ಬಂದು ಎರಡೂ ಬಸ್ಸುಗಳನ್ನು ಒತ್ತಿನೆಣೆ ಹತ್ತಿಸಿ ನೋಡುತ್ತಾರೆ. ತುಂಬು ಜನ ಕೂರಿಸಿಕೊಂಡು, ಯಾರನ್ನೂ ಇಳಿಸದೆ, ದೂಡಿಸದೆ ಹತ್ತುವ ಬಸ್ಸಿಗೆ ಲೈನು. ಪೆಟ್ರೋಲಿನ ಕೀಲಿಕೈ ಸೂರಪ್ಪನ ಸೊಂಟದಲ್ಲಿರುವಾಗ ನಾವು ಯಾವುದನ್ನು ಸುಟ್ಟು ಹತ್ತುವುದು? ಆ ಲೈನು ಹೋದರೆ ಅಪ್ಪಯ್ಯನ ಕಾಲು ಹೋದದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ದಾರಿ ತೋರಿಸಿದ್ದು ಆಸ್ಪತ್ರೆಯ ಕಂಪೌಂಡರ್. ದಿನಾ ಅಪ್ಪಯ್ಯನ ಗಾಯ ತೊಳೆಯುವ ಮೊದಲು ಒಂದು ಬಸಿಯಲ್ಲಿ ಸ್ಪಿರಿಟ್ ಸುರಿದು, ಕಡ್ಡಿ ಗೀರಿ, ಆ ಉರಿಯಲ್ಲಿ ಚಿಮಟ ಹಿಡಿಯುತ್ತಿದ್ದರು. ನೀಲಿ ಉರಿ. ಹೊಗೆ ಇಲ್ಲ, ಮಸಿ ಇಲ್ಲ.

"ಇದ್ ಎಂತದ್ರಲ್ ಮಾಡುದ್?" ಎಂದು ಕೇಳಿದೆ.

"ಸೀ ಇಪ್ದ್ ಎಂತದ್ರಲ್ಲೂ ಆತ್ತ್. ಕಾಕಂಬಿ, ಬೆಲ್ಲ, ಹಣ್ಣಿನ್ ರಸ. ಹುಳಿ ಬರ್ಸುದ್, ಭಟ್ಟಿ ಇಳ್ಸುದ್. ಮೈಸೂರ್ ಬದಿಯಲ್ ಪೆಟ್ರೋಲಿಗ್ ಬೆರ್ಸಿ ಮೋಟಾರೇ ಓಡ್ಸ್ತ್ರಂಬ್ರ್" ಎಂದರು.

ಪಾಸ್ಕಲಣ್ಣನ ಕಡೆ ನೋಡಿದೆ. ಅವನ ತಾಯಿ ಗೋವಾ ಕಡೆಯಿಂದ ಬಂದವಳು. ಗೇರುಹಣ್ಣಿನಲ್ಲಿ ಭಟ್ಟಿ ಇಳಿಸುವುದು ಅವಳ ಮನೆಯಲ್ಲಿ ಉಪ್ಪಿನಕಾಯಿ ಹಾಕಿದಷ್ಟು ಮಾಮೂಲು. ಅವನೂ ನನ್ನನ್ನೇ ನೋಡುತ್ತಿದ್ದ.

"ಒತ್ತಿನೆಣೆ ತುಂಬ ಗೇರ್ ಅಲ್ದಾ ಕಾವೇರಮ್ಮ" ಎಂದ. "ಬೀಜ ಮಾರ್ತ್ರ್, ಹಣ್ ದನವೂ ತಿಂಬುದಿಲ್ಲ."

ಶಿವರಾತ್ರಿ ಕಳೆದು ಹಣ್ಣು ಉದುರಲು ಸುರುವಾಯಿತು. ಬೀಜ ಹೆಕ್ಕುವ ಹೆಂಗಸರಿಗೆ, ಹಣ್ಣನ್ನು ನಮ್ಮ ಅಂಗಳಕ್ಕೆ ಸುರಿದು ಹೋಗಿ ಎಂದು ಹೇಳಿದೆವು. ಅವರಿಗೆ ನಗೆ. ಬುಟ್ಟಿ ಬುಟ್ಟಿ ಕೆಂಪು, ಹಳದಿ ಹಣ್ಣು ಬಂದು ಬಿತ್ತು. ಮರದ ಮರಿಗೆಯಲ್ಲಿ ಹಾಕಿ ತುಳಿದು, ಚರಟವನ್ನು ಕಲ್ಲಿನಡಿ ಹಿಂಡಿ, ರಸವನ್ನು ಕಡಾಯಿಗಳಿಗೆ ತುಂಬಿಸುತ್ತಿದ್ದೆವು. ಆ ರಸ ಬಟ್ಟೆಗೆ ತಾಗಿದರೆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಹುಳಿ ಬೇಗ ಬರಲೆಂದು ಒಂದು ಚೆಂಬು ಕಳ್ಳಿನ ಮಡ್ಡಿ ಕೂಡಿಸುತ್ತಿದ್ದೆವು. ಮಾರನೆಯ ದಿನಕ್ಕೆ ರಸ ನೊರೆಯೆದ್ದು, ಒಲೆ ಇಲ್ಲದೆಯೇ ಕುದಿಯುವ ಹಾಗೆ ಗುಳುಗುಳು ಎನ್ನುತ್ತಿತ್ತು. ಕಿವಿ ಇಟ್ಟರೆ ಕೇಳುತ್ತಿತ್ತು. ಆ ಸದ್ದು ನಿಂತ ಮೇಲೆ ಅದರಲ್ಲಿದ್ದ ಸಿಹಿ ಎಲ್ಲ ಮುಗಿಯಿತು, ಅಮಲಾಯಿತು ಎಂದು ಲೆಕ್ಕ.

ಆಮೇಲೆ ಭಟ್ಟಿ. ತಾಮ್ರದ ಹಂಡೆಗೆ ಹುಳಿರಸ ಹೊಯ್ದು, ಬಾಯಿಗೆ ಮಡಕೆ ಕವುಚಿ, ಸಂದಿಗೆ ಹುತ್ತದ ಮಣ್ಣು ಮೆತ್ತಿ, ಮಡಕೆಯಿಂದ ಹೊರಟ ತಾಮ್ರದ ಕೊಳವೆಯನ್ನು ನೀರಿನ ತೊಟ್ಟಿಯೊಳಗೆ ಹಾಯಿಸಿ ಆಚೆ ಒಂದು ಕ್ಯಾನ್ ಇಟ್ಟದ್ದಾಯಿತು. ಕೊಳವೆ ಬಸ್ಸಿನದೇ. ಬೆಂಕಿ ಸಣ್ಣಗೆ ಇರಬೇಕು. ಅಮಲು ನೀರಿಗಿಂತ ಬೇಗ ಆವಿಯಾಗುತ್ತದೆ, ಉರಿ ಜೋರಾದರೆ ನೀರೂ ಅದರ ಬೆನ್ನಿಗೆ ಹೊರಡುತ್ತದೆ. ಮೊದಲ ಸಲ ಇಳಿದದ್ದು ಮಂಕು ನೀರಿನ ಹಾಗೆ. ಅದನ್ನೇ ಮತ್ತೆ ಹಂಡೆಗೆ ಹಾಕಿ ಮತ್ತೊಮ್ಮೆ, ಮಗದೊಮ್ಮೆ ಇಳಿಸಿದ ಮೇಲೆ ಕಡ್ಡಿ ಗೀರಿದರೆ ಆಸ್ಪತ್ರೆಯ ಬಸಿಯ ಅದೇ ನೀಲಿ ಉರಿ ಎದ್ದಿತು. ನನ್ನ ತಾಯಿ, ಅಬ್ಬಿ, ಮಾತ್ರ ಹೊಸಿಲಿನಲ್ಲಿ ಕುಳಿತು ಹಣೆ ಚಚ್ಚಿಕೊಂಡಳು.

"ಸಾರಾಯಿ ಇಳ್ಸು ಹೆಣ್ಣಿನ್ ಯಾರ್ ಕಟ್ಕಂತ್ರ್?" ಎಂದಳು.

"ಬಸ್ಸಿಗೆ ಕಟ್ಟಿ ಬಿಡ್ ನನ್ನ" ಎಂದೆ. ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಊರುಗೋಲು ಒರಗಿಸಿ ಕುಳಿತಿದ್ದ ಅಪ್ಪಯ್ಯ ಬಹಳ ದಿನದ ಮೇಲೆ ಅಂದು ನಕ್ಕರು.

ಸುಖ ಅಷ್ಟು ಬೇಗ ಬರಲಿಲ್ಲ. ಆ ಸ್ಪಿರಿಟನ್ನು ಪೆಟ್ರೋಲಿಗೆ ಬೆರೆಸಿ ಟ್ಯಾಂಕಿಗೆ ಹೊಯ್ದರೆ ಬಸ್ಸು ಮೊದಲ ತಿರುವಿನಲ್ಲೇ ಕೈಕೊಟ್ಟಿತು. ಪಾಸ್ಕಲಣ್ಣ ಟ್ಯಾಂಕಿಯಿಂದ ಒಂದು ಗಾಜಿನ ಶೀಶೆಗೆ ಬಿಟ್ಟು ಬಿಸಿಲಿಗೆ ಹಿಡಿದ. ಒಂದೇ ಶೀಶೆಯಲ್ಲಿ ಎರಡು ಪದರ. ಮೇಲೆ ಪೆಟ್ರೋಲು, ಕೆಳಗೆ ನಮ್ಮ ಸ್ಪಿರಿಟು, ನಡುವೆ ದಾರದಂಥ ಗೆರೆ. ಜಗಳವಾಡಿದ ಓರಗಿತ್ತಿಯರ ಹಾಗೆ ಒಂದನ್ನೊಂದು ಮುಟ್ಟುವುದಿಲ್ಲ. ಟ್ಯಾಂಕಿಯ ತಳದಿಂದ ಇಂಜಿನ್ನಿಗೆ ಹೋಗುವುದು ಕೆಳಗಿನದೇ ತಾನೆ, ನಿಲ್ಲದೆ ಏನು ಮಾಡೀತು?

ಮತ್ತೆ ಕಂಪೌಂಡರರ ಹತ್ತಿರ ಓಡಿದೆ. ಅವರು ಶೀಶೆ ನೋಡಿ, "ಸ್ಪಿರಿಟಗೆ ನೀರ್ ಇತ್ತ್. ಎಷ್ಟ್ ಸಲ ಇಳ್ಸ್ರೂ ಕಡೆ ಒಂಚೂರ್ ನೀರ್ ಅದನ್ನ ಬಿಡುದಿಲ್ಲ. ಸುಟ್ಟ ಸುಣ್ಣ ಹಾಕ್. ನೀರ್ ತಾಗದ್ದ್, ಗೂಡಿಂದ ಆಗಷ್ಟೇ ತೆಗ್ದದ್ದ್. ನೀರನ್ನೆಲ್ಲ ಅದ್ ಕುಡೀತ್. ಮತ್ತೊಂದ್ ಸಲ ಇಳ್ಸ್" ಎಂದರು.

ಹೊಳೆಬದಿಯಲ್ಲಿ ಚಿಪ್ಪು ಸುಡುವ ಸುಣ್ಣದ ಗೂಡುಗಳಿಗೇನು ಬರಗಾಲ? ನೀರು ಚಿಮುಕಿಸಿ ಪುಡಿ ಮಾಡುವ ಮೊದಲೇ, ಬಿಸಿಬಿಸಿ ಚಿಪ್ಪನ್ನು ಡಬ್ಬಿಗೆ ತುಂಬಿಸಿ, ಸಮುದ್ರದ ಗಾಳಿ ತಾಗದ ಹಾಗೆ ಮುಚ್ಚಳಕ್ಕೆ ಮೇಣ ಮೆತ್ತಿ ತಂದೆ. ದೋಣಿಯಲ್ಲಿದ್ದ ಮೀನಿನ ಹೆಂಗಸೊಬ್ಬಳು, "ಎಂತ ಮಾರಾಯ್ತಿ, ಎಲೆಯಡ್ಕಿಗೆ ಇಷ್ಟ್ ಸುಣ್ಣವಾ? ಬಾಯಿ ಸುಟ್ಟ್ ಹೋತ್ತ್" ಎಂದಳು. "ಸುಡುಕಿತ್ತ್, ಬಾಯಿ ನಂದಲ್ಲ" ಎಂದೆ.

ಸ್ಪಿರಿಟಿಗೆ ಸುಣ್ಣ ಹಾಕಿದರೆ ಕ್ಯಾನು ಕೈ ಇಡಲಾಗದಷ್ಟು ಬಿಸಿಯಾಯಿತು. ಅದು ತಣಿದು, ಸುಣ್ಣ ಹಿಟ್ಟಾಗಿ ತಳ ಸೇರಿದ ಮೇಲೆ ಮತ್ತೆ ಭಟ್ಟಿ ಇಳಿಸಿದೆವು. ಈ ಸಲ ಶೀಶೆಯಲ್ಲಿ ಪೆಟ್ರೋಲು, ಸ್ಪಿರಿಟು ಬೆರೆಸಿ ಬಿಸಿಲಿಗೆ ಹಿಡಿದರೆ ಗೆರೆ ಇಲ್ಲ. ಎರಡೂ ಒಂದೇ. ಪಾಸ್ಕಲಣ್ಣ ಪರೀಕ್ಷೆಗೆಂದು ಬೆರಳು ಅದ್ದಿ ಕೆಲವು ಹನಿ ನೀರು ಬಿಟ್ಟ. ಶೀಶೆ ಮಂಜಾಯಿತು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಗೆರೆ ಬಿತ್ತು. ಬರೀ ಸ್ಪಿರಿಟಿಗೆ ಅದೇ ನೀರು ಬಿಟ್ಟರೆ ಏನೂ ಕಾಣಲಿಲ್ಲ, ಮೊದಲಿನಷ್ಟೇ ತಿಳಿ. ನಾನು ಆ ಶೀಶೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಪೀಪಾಯಿ ಕಂಡ ಕೂಡಲೇ ಚೆಂಬು ಹುಡುಕುವ ಒಂದು ಕೈ ನನಗೆ ಗೊತ್ತಿತ್ತು.

ಬಸ್ಸು ಒತ್ತಿನೆಣೆಯನ್ನು ಹತ್ತಿತು. ಸ್ಪಿರಿಟಿಗೆ ಗಾಳಿ ಕಡಿಮೆ ಸಾಕು, ಕುಡಿಯುವುದು ಜಾಸ್ತಿ ಎಂದು ಪಾಸ್ಕಲಣ್ಣ ಕಾರ್ಬುರೇಟರಿನ ತೂತನ್ನು ಸ್ವಲ್ಪ ಅಗಲ ಮಾಡಿದ್ದ. ಮನೆಯೆದುರು ಬಸ್ಸು ನಿಲ್ಲುವುದು, ನಾನು ಕ್ಯಾನು, ಆಲಿಕೆ ಹಿಡಿದು ಬಂದು ಸಣ್ಣ ಟ್ಯಾಂಕಿಗೆ ಹೊಯ್ಯುವುದು, ಬಸ್ಸು ಗೇರುಹಣ್ಣಿನ ವಾಸನೆ ಬಿಟ್ಟುಕೊಂಡು ಏರು ಹತ್ತುವುದು. ಜನ ಕುಳಿತಲ್ಲಿಂದ ಏಳಬೇಕಾಗಿರಲಿಲ್ಲ. "ಕುಡ್ಕ ಬಸ್ಸ್" ಎಂದು ಹೆಸರಿಟ್ಟರು. ಸುದ್ದಿ ಬೈಂದೂರಿಗೆ ಹೋಗಲಿ ಎಂದೇ ನಾನು ಭಟ್ಟಿಯ ಹೊಗೆಯನ್ನು ಮುಚ್ಚಿಡಲಿಲ್ಲ.

ಸೂರಪ್ಪ ಬಂದ. ಅಂಗಳದ ನಡುವೆ ನಿಂತು ಸೊಂಟಕ್ಕೆ ಕೈ ಕೊಟ್ಟ.

"ಎಂತ ಹೆಣ್ಣೆ, ನನ್ ಗುತ್ತಿಗೆ ಊರಗೆ ನೀನ್ ಭಟ್ಟಿ ಇಡುದಾ?"

"ಕುಡುಕಲ್ಲ ಸೂರಪ್ಪಣ್ಣ, ಬಸ್ಸಿಗೆ" ಎಂದೆ, ತಲೆ ತಗ್ಗಿಸಿ. ಹಾಗೆ ತಲೆ ತಗ್ಗಿಸಲು ನನಗೆ ಎಷ್ಟು ಕಷ್ಟವಾಯಿತೆಂದು ಆ ದೇವರಿಗೇ ಗೊತ್ತು.

ಅವನು ಕ್ಯಾನಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ಕೆಮ್ಮಿದ. ನಾಲ್ಕು ಹನಿ ಕಲ್ಲಿನ ಮೇಲೆ ಸುರಿದು ಕಡ್ಡಿ ಗೀರಿದ. ಎಲ್ಲ ಸಾರಾಯಿಯವರು ಮಾಡುವ ಪರೀಕ್ಷೆ ಅದು. ಉರಿ ನೋಡಿ ಎಷ್ಟು ಖಾರ ಎಂದು ತಿಳಿದು, ಅದು ಎಷ್ಟು ನೀರು ತಡೆಯುತ್ತದೆ ಎಂದು ಅಂದಾಜು ಕಟ್ಟುತ್ತಾರೆ. ಇಂಥ ಖಾರವನ್ನು ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಕಣ್ಣು ಅರಳಿತು.

"ಇನ್ ಮೇಲೆ ಇಳ್ಸಿದ್ದೆಲ್ಲ ನಂಗೆ. ಕೊಡುದಿಲ್ಲ ಅಂದ್ರೆ ಕಳ್ಳಭಟ್ಟಿ ಅಂತ ಪೋಲೀಸ್ರಿಗ್ ಹೇಳ್ತೆ. ನಿನ್ ಅಪ್ಪಯ್ಯ ಒಂದ್ ಕಾಲಗೆ ಜೈಲಿಗ್ ನಡೀಕ್."

ಜಗಲಿಯಲ್ಲಿ ಅಪ್ಪಯ್ಯ ಊರುಗೋಲಿಗೆ ಕೈ ಹಾಕಿದ್ದು ಕಂಡಿತು. ನಾನು ಬೇಡವೆಂದು ಕಣ್ಣಿನಲ್ಲೇ ಹೇಳಿದೆ.

"ಕೊಡ್ತೆ. ಆರೆ ಇದ್ ನಿಮ್ ಗುತ್ತಿಗೆ ಭಟ್ಟಿ ಅಂತ ನೀವೇ ನಾಕ್ ಜನರ ಎದ್ರ್ ಹೇಳ್ಕ್. ನಮ್ಗ್ ಪೋಲೀಸ್ರ್ ಹೆದ್ರಿಕೆ" ಎಂದೆ.

ಅಷ್ಟಕ್ಕೇನು ಎಂದುಕೊಂಡ. ಸಂತೆಯ ದಿನ ಅವನ ಡಿಪೊದ ಜಗಲಿಗೆ ಕ್ಯಾನು ಹೊತ್ತು ಹೋದೆ. ಜನ ತುಂಬಿದ್ದರು. ಅವನು ಎದೆಯುಬ್ಬಿಸಿ, "ಒತ್ತಿನೆಣೆ ಅಡಿಯಗೆ ಇಪ್ಪ ಭಟ್ಟಿ ನಂದೇ. ಈ ಹೆಣ್ ನನ್ ಕೆಲ್ಸದವ್ಳ್" ಎಂದು ಸಾರಿದ. ಕೆಲಸದವಳು! ಇರಲಿ ಎಂದು ನುಂಗಿಕೊಂಡೆ. ಕ್ಯಾನನ್ನು ಅವನ ಕೈಗೆ ಕೊಡುವಾಗ ನಾನೂ ಎಲ್ಲರಿಗೂ ಕೇಳುವ ಹಾಗೆ, ಗಂಟಲು ಬಿಟ್ಟು ಹೇಳಿದೆ.

"ಸೂರಪ್ಪಣ್ಣ, ಇದಕ್ಕೆ ನೀರ್ ಹಾಕುಕಾಗ. ಒಂದ್ ಹನಿಯೂ ತಾಗ್ಸುಕಾಗ. ತಾಗ್ರೆ ಬಸ್ಸ್ ನಿಲ್ಲತ್ತ್."

ಜಗಲಿ ಇಡೀ ನಕ್ಕಿತು. ಅವನೂ ನಕ್ಕ. ಆಸ್ಪತ್ರೆಯಲ್ಲಿ ನಕ್ಕ ಹಾಗೆಯೇ. "ನಂಗ್ ನೀರಿನ್ ಪಾಠ ಹೇಳ್ತೆಯಾ?" ಎಂದ. ನಾನು ಹೇಳಿದ್ದು ಅಪ್ಪಟ ಸತ್ಯ. ಬೇರೆಯವರ ಬಾಯಿಂದ ಬಂದ ಸತ್ಯವನ್ನು ಅವನು ನಂಬುವವನಲ್ಲ, ನನ್ನ ಲಾಭ ಎಲ್ಲಿ ತಪ್ಪಿಹೋಗುತ್ತದೋ ಎಂದು ನಾನು ಹಾಗೆ ಹೇಳುತ್ತಿದ್ದೇನೆ ಎಂದೇ ತಿಳಿಯುತ್ತಾನೆ ಎಂಬುದು ನನಗೆ ಗೊತ್ತಿತ್ತು.

ಅವನ ತಲೆ ಓಡಿದ ರೀತಿಯನ್ನು ಆಮೇಲೆ ಅವನ ಡಿಪೊದವನೇ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ. ಪೆಟ್ರೋಲಿಗೆ ನೀರು ಸೇರುವುದಿಲ್ಲ. ಸ್ಪಿರಿಟಿಗೆ ನೀರು ಸೇರುತ್ತದೆ. ಪೆಟ್ರೋಲಿಗೆ ಸ್ಪಿರಿಟು ಸೇರುತ್ತದೆ. ಹಾಗಾದರೆ ನೀರನ್ನು ಸ್ಪಿರಿಟಿನ ಸೊಂಟದ ಮೇಲೆ ಕೂರಿಸಿ ಪೆಟ್ರೋಲಿನೊಳಗೆ ಕಳಿಸಬಹುದು! ಜೀವಮಾನವಿಡೀ ಸಾರಾಯಿಗೆ ನೀರು ಹೊಯ್ದವನಿಗೆ, ಕಡೆಗೂ ಪೆಟ್ರೋಲಿಗೆ ನೀರು ಹೊಯ್ಯುವ ಉಪಾಯ ಸಿಕ್ಕಿತ್ತು. ಆ ರಾತ್ರಿ ಅವನಿಗೆ ಸಂತೋಷದಲ್ಲಿ ನಿದ್ದೆಯೇ ಬರಲಿಲ್ಲವಂತೆ. ಇನ್‌ಸ್ಪೆಕ್ಟರ್ ಬರುವ ದಿನಕ್ಕೆಂದು ಅದನ್ನೆಲ್ಲ ಜೋಪಾನವಾಗಿ ಎತ್ತಿಟ್ಟ. ನಾನು ಕಡೆಯ ಭಟ್ಟಿಯ ಒಂದು ಕ್ಯಾನನ್ನು ಭತ್ತ ತುಂಬಿಸಿಟ್ಟ ಹುಲ್ಲಿನ ತಿರಿಯೊಳಗೆ ಹೂತಿಟ್ಟೆ. ಶಿರೂರಿನಾಚೆಯ ಲಾರಿಯವರಿಂದ ಪಾಸ್ಕಲಣ್ಣ ಸ್ವಲ್ಪ ಒಳ್ಳೆಯ ಪೆಟ್ರೋಲು ತಂದ.

ಇನ್‌ಸ್ಪೆಕ್ಟರ್ ಬಂದ ದಿನ ಮೋಡ ಕಟ್ಟಿ ಸೆಕೆ ಕುದಿಯುತ್ತಿತ್ತು. ಸೂರಪ್ಪನ ಬಸ್ಸಿಗೆ ಮಲ್ಲಿಗೆ ಹಾರ. ಮುಂದಿನ ಸೀಟಿನಲ್ಲಿ ಅವನು, ಹಿಂದೆ ಅವನ ನೆಂಟರಿಷ್ಟರು. ಇನ್‌ಸ್ಪೆಕ್ಟರರ ಕಾರಿನ ಟ್ಯಾಂಕಿಯನ್ನೂ ಮರ್ಯಾದೆಗೆಂದು ಡಿಪೊದಲ್ಲಿ ತುಂಬಿಸಿ ಕೊಟ್ಟಿದ್ದ. ಅದೇ ಉಪಾಯದ ಪೆಟ್ರೋಲು! ನಾನು ಕೂಡ ಅಷ್ಟನ್ನು ಬೇಡಿಕೊಂಡಿರಲಿಲ್ಲ. ಮೊದಲು ಅವನ ಬಸ್ಸು, ಅದರ ಹಿಂದೆ ಕಾರು, ಕಡೆಗೆ ನಮ್ಮದು. ಅಪ್ಪಯ್ಯ ಪಾಸ್ಕಲಣ್ಣನ ಪಕ್ಕದಲ್ಲಿ ಕುಳಿತಿದ್ದರು, ನಾನು ಅವರ ಹಿಂದೆ. ಎರಡೂ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು.

ಗುಡ್ಡದ ಬುಡದಲ್ಲಿ ಅವನ ಡ್ರೈವರ್ ಗ್ಯಾಸು ನಿಲ್ಲಿಸಿ ನಳ್ಳಿ ತಿರುಗಿಸಿದ. ಮೊದಲ ತಿರುವಿನ ತನಕ ಬಸ್ಸು ಹೋಯಿತು. ಎರಡನೇ ತಿರುವು ಹತ್ತಿರವಾಗುತ್ತಲೇ ಇಂಜಿನ್ ಒಂದು ಸಲ ಕೆಮ್ಮಿತು, ಮತ್ತೊಂದು ಸಲ ಬಿಕ್ಕಿತು, ನಿಂತಿತು. ಕ್ಲೀನರ್ ಹಾರಿ ಚಕ್ರಕ್ಕೆ ಮರದ ತುಂಡು ಕೊಟ್ಟ. ಹಿಂದಿನಿಂದ ಕಾರೂ ಕೆಮ್ಮಿ ಅಲ್ಲೇ ನಿಂತಿತು. ಹಾರ ಹಾಕಿದ ಬಸ್ಸಿನಿಂದ ನೆಂಟರು ಪಂಚೆ ಎತ್ತಿಕೊಂಡು ಇಳಿಯತೊಡಗಿದರು.

"ನಿಲ್ಸುಕಾಗ ಪಾಸ್ಕಲ್, ಹೋಪ" ಎಂದರು ಅಪ್ಪಯ್ಯ.

ಪಾಸ್ಕಲಣ್ಣ ಹಾರ್ನು ಬಾರಿಸುತ್ತ, ಗುಡ್ಡದ ಬದಿಯ ಮಣ್ಣನ್ನು ಸವರಿಕೊಂಡು, ಕಾರನ್ನೂ ಬಸ್ಸನ್ನೂ ದಾಟಿ ಮೇಲೆ ಹತ್ತಿಸಿದ. ಒಬ್ಬರೂ ಇಳಿಯಲಿಲ್ಲ. ನಮ್ಮ ಬಸ್ಸಿನ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. ನಾನು ಕೂಗಲಿಲ್ಲ, ಸೂರಪ್ಪನ ಮುಖವನ್ನು ಕಣ್ಣು ತುಂಬ ನೋಡಿಕೊಂಡೆ. ಆ ಒಂದು ಗಳಿಗೆಗೆ ಎಷ್ಟು ಬುಟ್ಟಿ ಹಣ್ಣು ತುಳಿದರೂ ಕಡಿಮೆಯೇ.

ಮೇಲೆ ಹೋಗಿ ತಿರುಗಿಸಿಕೊಂಡು ಬರುವಷ್ಟರಲ್ಲಿ ಇನ್‌ಸ್ಪೆಕ್ಟರ್ ತಮ್ಮ ಕಾರಿನ ಟ್ಯಾಂಕಿಯಿಂದ ಒಂದು ಶೀಶೆಗೆ ಬಿಟ್ಟು ನೋಡುತ್ತಿದ್ದರು. ಎರಡು ಪದರ, ನಡುವೆ ಗೆರೆ.

"ಏನಿದು?" ಎಂದರು.

ಸೂರಪ್ಪ ನನ್ನ ಕಡೆ ಬೆರಳು ತೋರಿಸಿದ. "ಇದ್ ಈ ಹೆಣ್ ಇಳ್ಸಿದ್ ಕಳ್ಳಭಟ್ಟಿ ಸಾಯ್ಬ್ರೆ! ಇವ್ಳೇ ನಂಗ್ ಮೋಸ ಮಾಡಿದ್ದ್!"

"ಕಳ್ಳಭಟ್ಟಿ ಅಲ್ಲ ಸಾಯ್ಬ್ರೆ, ಗುತ್ತಿಗೆ ಭಟ್ಟಿ" ಎಂದೆ. "ನಾನ್ ಅವ್ರ್ ಕೆಲ್ಸದವ್ಳ್. ಅವ್ರೇ ಸಂತೆ ದಿನ ಜಗ್ಲಿ ಮೇಲ್ ನಿಂತ್ ಹೇಳಿದ್ದ್. ಇವ್ರೆಲ್ಲ ಕೇಳಿದ್ರ್, ಕೇಣಿ."

ಹೌದು ಹೌದು ಎಂದರು ಜನ. ಅವನ ಬಸ್ಸಿನಿಂದ ಇಳಿದವರೂ ಹೌದೆಂದರು. ನಾನು ನಮ್ಮ ಕ್ಯಾನಿನಿಂದ ಸ್ವಲ್ಪ ಸ್ಪಿರಿಟನ್ನು ಬೇರೆ ಶೀಶೆಯಲ್ಲಿ ಪೆಟ್ರೋಲಿಗೆ ಬೆರೆಸಿ ತೋರಿಸಿದೆ. ತಿಳಿಯಾಗಿತ್ತು. ಅದಕ್ಕೆ ಕೆಲವು ಹನಿ ನೀರು ಬಿಟ್ಟೆ. ಮಂಜಾಯಿತು, ಗೆರೆ ಬಿತ್ತು. ಇನ್‌ಸ್ಪೆಕ್ಟರ್ ಎರಡೂ ಶೀಶೆಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು.

"ನೀರು ಹಾಕಿದವರು ಯಾರು?" ಎಂದು ಕೇಳಿದರು.

ಆಗ ಗುಂಪಿನ ಹಿಂದಿನಿಂದ, ಸೂರಪ್ಪನ ಸಾರಾಯಿ ಅಂಗಡಿಯಲ್ಲೇ ಹಲ್ಲು ಉದುರಿಸಿಕೊಂಡ ಮುದುಕನೊಬ್ಬ, "ಹ್ವಾಯ್ ಸಾಯ್ಬ್ರೆ, ಅವ್ರ್ ನೀರ್ ಹಾಕದ್ದ್ ಎಂತ ಇತ್ತ್ ಅಂತ ಕೇಣಿ!" ಎಂದು ಕೂಗಿದ. ಗುಡ್ಡವೇ ನಕ್ಕಿತು. ಇನ್‌ಸ್ಪೆಕ್ಟರ್ ನಗಲಿಲ್ಲ. ನಿಂತ ಕಾರು ಅವರದು. ಡಿಪೊದ ಡ್ರಮ್ಮುಗಳನ್ನೆಲ್ಲ ಬಿಚ್ಚಿಸಿದರು, ನೀರಿನ ಜೊತೆ ಸೀಮೆಎಣ್ಣೆಯ ಗುಟ್ಟೂ ಹೊರಬಿತ್ತು. ಮಳೆ ಹಿಡಿಯುವುದರೊಳಗೆ ಡಿಪೊ ಅವನ ಕೈಯಿಂದ ಹೋಯಿತು. ಲೈನು ನಮಗೇ ಉಳಿಯಿತು, ಬಸ್ಸಿಗೆ ಬೇಕಾದಷ್ಟು ಸ್ಪಿರಿಟು ಇಳಿಸಿಕೊಳ್ಳಲು ಮೇಲಿನವರ ಅಪ್ಪಣೆಯೂ ಸಿಕ್ಕಿತು.

ಊರವರು ಅಷ್ಟಕ್ಕೆ ಕತೆ ಮುಗಿಯಿತೆಂದುಕೊಂಡರು. "ಸೂರಪ್ಪನ ಮೂಗ್ ಕೊಯ್ದೆ, ಇನ್ ಆಯ್ತಲ್ಲ" ಎಂದು ಅಬ್ಬಿಯೂ ಹೇಳಿದಳು. ನನಗೆ ಆಗಿರಲಿಲ್ಲ. ಅವನ ಡಿಪೊ ಹೋಯಿತು, ಸರಿ. ಅವನ ಎರಡೂ ಕಾಲು ಗಟ್ಟಿಯಾಗಿ ಇದ್ದವಲ್ಲ. ಅಪ್ಪಯ್ಯ ರಾತ್ರಿ ಮಗ್ಗುಲು ಬದಲಿಸುವಾಗ, ಇಲ್ಲದ ಪಾದ ತುರಿಸುತ್ತದೆಂದು ಮೆಲ್ಲಗೆ ನರಳುತ್ತಿದ್ದರು. ಅದನ್ನು ಕೇಳಿದ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಮಳೆಗಾಲ ಬಂತು. ಗೇರು ಮುಗಿಯಿತು. ಬ್ರಹ್ಮಾವರ ಕಡೆಯ ಆಲೆಮನೆಗಳಲ್ಲಿ ಉಳಿದಿದ್ದ ಕಾಕಂಬಿಯನ್ನು ದೋಣಿ ದಾಟಿಸಿ ತಂದು, ಅದರಲ್ಲೇ ಭಟ್ಟಿ ಇಳಿಸಿದೆವು. ಬಸ್ಸು ನಿಲ್ಲಲಿಲ್ಲ. ಆಷಾಢದ ಒಂದು ದಿನ, ಧೋ ಎಂದು ಸುರಿಯುವ ಮಳೆಯಲ್ಲಿ ಬಸ್ಸು ಮನೆಯೆದುರು ಬಂದು ನಿಂತಿತು. ನಾನು ತಲೆಗೆ ಎಲೆಯ ಗೊರಬು ಸೂಡಿಕೊಂಡು ಕ್ಯಾನು ಹಿಡಿದು ಹೋದೆ. ಹಿಂದಿನ ಸೀಟಿನ ಮೂಲೆಯಲ್ಲಿ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೂರಪ್ಪ ಕುಳಿತಿದ್ದ. ಅವನ ಮಗಳನ್ನು ಕೊಟ್ಟದ್ದು ಶಿರೂರಿಗೆ. ಅವಳಿಗೆ ಹೆರಿಗೆಯಾಗಿತ್ತು. ಶಿರೂರಿಗೆ ಹೋಗಲು ನಮ್ಮ ಬಸ್ಸು ಬಿಟ್ಟರೆ ಇನ್ನೊಂದಿಲ್ಲ.

ನಾನು ಆಲಿಕೆಯನ್ನು ಟ್ಯಾಂಕಿಗೆ ಇಡಲಿಲ್ಲ.

"ಪಾಸ್ಕಲಣ್ಣ, ಹಿಂದೆ ಕೂತವ್ರ್ ಇಳಿಲಿ. ಗುಡ್ಡ ಹತ್ತಿ ಬರ್ಲಿ, ಮೇಲೆ ಹತ್ಸ್ಕೋ" ಎಂದೆ.

ಪಾಸ್ಕಲಣ್ಣ ಸ್ಟಿಯರಿಂಗ್ ನೋಡುತ್ತ ಕುಳಿತ. ಸೂರಪ್ಪ ಮುಂದಿನ ಸೀಟಿನಲ್ಲಿದ್ದ ಅಪ್ಪಯ್ಯನ ಮುಖ ನೋಡಿದ, ಜನರ ಮುಖ ನೋಡಿದ. "ಮಳೆ ಕಾಂತಿಲ್ಯಾ ಹೆಣ್ಣೆ?" ಎಂದ. ನಾನು ಕ್ಯಾನನ್ನು ನೆಲಕ್ಕೆ ಇಟ್ಟೆ. ಬಸ್ಸು ಹೊರಡುವುದು ನನ್ನ ಕೈಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಎದ್ದ, ಇಳಿದ, ಕೊಡೆ ಬಿಚ್ಚಿದ. ಅವನು ಮೊದಲ ತಿರುವು ದಾಟುವ ತನಕ ಕಾದು, ಆಮೇಲೆ ಟ್ಯಾಂಕಿಗೆ ಹೊಯ್ದೆ.

ಆ ಮಳೆಗಾಲದಲ್ಲಿ ಮೊಮ್ಮಗುವನ್ನು ನೋಡಲು ಅವನು ಮತ್ತೆ ಮತ್ತೆ ಹೋದ. ಆಮೇಲೆ ನಾನು ಹೇಳಬೇಕಾಗಿಯೇ ಇರಲಿಲ್ಲ. ಬಸ್ಸು ನಮ್ಮ ಮನೆಯೆದುರು ನಿಲ್ಲುವ ಮೊದಲೇ ಏಳುತ್ತಿದ್ದ. ಎಲ್ಲರೂ ಬೆಚ್ಚಗೆ ಕುಳಿತು ಗುಡ್ಡ ಹತ್ತುತ್ತಿದ್ದರು, ಅವನೊಬ್ಬ ಪಂಚೆ ಎತ್ತಿಕೊಂಡು, ಕೆಂಪು ನೀರು ಹರಿಯುವ ರಸ್ತೆಯಲ್ಲಿ, ಎರಡನೇ ತಿರುವಿನಲ್ಲಿ ನಿಂತು ಏದುಸಿರು ಬಿಟ್ಟು ಮತ್ತೆ ನಡೆಯುತ್ತಿದ್ದ. ನಾನು ಅಂಗಳದಿಂದ ನೋಡುತ್ತಿದ್ದೆ. ಪ್ರತಿ ಸಲವೂ ನೋಡಿದೆ.

ಸೋಣೆ ತಿಂಗಳು ಬಂದು ಮಳೆ ಕಡಿಮೆಯಾದಾಗ ಒಂದು ಸಲ ಅವನು ಇಳಿದು ಹೋದ ಮೇಲೆ, ಮುಂದಿನ ಸೀಟಿನಿಂದ ಅಪ್ಪಯ್ಯ ನನ್ನನ್ನು ಹತ್ತಿರ ಕರೆದರು. ಅವರ ಕಣ್ಣು ಆ ಮುದುಕನ ಬೆನ್ನಿನ ಮೇಲೆಯೇ ಇತ್ತು.

"ಸಾಕ್ ಮಗಾ. ಇನ್ ಹತ್ಸ್ಕಂಬ ಅವ್ನನ್ನ. ಅವ್ನಿಗೂ ವಯಸ್ಸಾಯ್ತ್" ಎಂದರು.

"ನಿಮ್ ಕಾಲ್ ವಾಪಸ್ ಬಪ್ಪಲ್ಲಿವರೆಗೆ ನಡಿಲಿ, ಅಪ್ಪಯ್ಯ" ಎಂದೆ.

ನಾನು ಆಲಿಕೆಯನ್ನು ಟ್ಯಾಂಕಿಗೆ ಇಟ್ಟು, ಒಂದು ಹನಿ ಚೆಲ್ಲದ ಹಾಗೆ ಹೊಯ್ದೆ.